ಮಾಲೆ ಹಾಕಿದ ಕುರ್ಚಿ

ಜಯರಾಮಪ್ಪನ ಪದ್ಯ ಕೇಳಿ ಅಳದವರು ಬಂಗಾರಪೇಟೆ ತಾಲ್ಲೂಕಿನಲ್ಲಿ ಒಬ್ಬರೂ ಇಲ್ಲ. ಒಂದು ಸಲವಂತೂ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲೇ ಹೊರಡುವುದನ್ನು ಮರೆತು ಕೇಳುತ್ತಾ ನಿಂತಿತ್ತು. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಳ್ಳೋಣ. ರೈಲು ನಿಂತಿದ್ದು ಸಿಗ್ನಲ್ಲಿಗೆ. ಅತ್ತವರಲ್ಲೂ ಇಬ್ಬರಿಗೆ ನೆಗಡಿಯಾಗಿತ್ತು. ಮಿಕ್ಕವರು ಅತ್ತಿದ್ದು ಮಾತ್ರ ನಿಜ, ಯಾಕೆಂದರೆ ಆ ಪದ್ಯದಲ್ಲಿ ಅವನ ಅಕ್ಕ ಸಾಯುತ್ತಿದ್ದಳು.

ಸತ್ತ ಅಕ್ಕ ಈಗ ಚಿನ್ನದ ಗಣಿಯ ಆಂಡರ್ಸನ್‌ಪೇಟೆಯಲ್ಲಿ ಸೆಲ್ವರಾಜನ ಆಟೋದಿಂದ ಇಳಿಯುತ್ತಿದ್ದಳು.

ಮೊದಲು ಹಾಲಿನ ಕ್ಯಾನು ಇಳಿಯಿತು, ಆಮೇಲೆ ಒಂದು ಕಾಲು, ಆಮೇಲೆ ಅರವತ್ತೆರಡು ವರ್ಷದ ಮುನಿಶಾಮಮ್ಮ. ಕವಿಗೋಷ್ಠಿಯ ಸಭಾಂಗಣದ ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದ ಜಯರಾಮಪ್ಪನಿಗೆ ಹನ್ನೊಂದು ಗಂಟೆಯ ಬಿಸಿಲಲ್ಲೂ ಚಳಿ ಹತ್ತಿತು.

"ಏನ್ಲಾ ಜೈರಾಮ, ದೆವ್ವ ಕಂಡೋನಂಗ್ ನೋಡ್ತೀಯ?"

"ನೀನ್ಯಾಕೆ ಬಂದೆ ಅಕ್ಕಾ?"

"ಊರೋರ್ನೆಲ್ಲಾ ಅಳಿಸ್ತೀಯಂತೆ. ನಾನೂ ಒಸಿ ಅತ್ಬುಟ್ ಓಗ್ತೀನಿ. ಮನೇಲಿ ಎಮ್ಮೆ ಮುಂದೆ ಅತ್ರೆ ಅದು ಹಾಲು ಏರಿಸ್ಕಂಬುಡ್ತದೆ."

ಸೆಲ್ವರಾಜ್ ಆಟೋದೊಳಗಿಂದ ತಲೆ ಹೊರಹಾಕಿದ. "ಸಾರ್, ಅಕ್ಕಂಗೆ ದಾರಿ ಪೂರಾ ಒಂದೇ ಪೆರುಮೆ, ಹೆಮ್ಮೆ. ನನ್ ತಮ್ಮ ನನ್ ಮೇಲೆ ಪದ್ಯ ಕಟ್ಟವ್ನೆ ಅಂತ. ನಾನೂ ಒಳಗೆ ಬಂದು ಕೇಳ್ಲಾ?"

"ಬೇಡ. ನೀನು ಸವಾರಿ ನೋಡ್ಕೋ."

ಪದ್ಯ ತನ್ನ ಮೇಲೆ ಎಂಬುದು ಅವಳಿಗೆ ಗೊತ್ತು. ಅದರಲ್ಲಿ ತಾನು ಸತ್ತಿರುವುದು ಗೊತ್ತಿಲ್ಲ. ಜಯರಾಮಪ್ಪ ಮನಸ್ಸಿನಲ್ಲೇ ಇಪ್ಪತ್ತು ಸುಳ್ಳು ಹುಡುಕಿದ. ಮೂವತ್ತು ವರ್ಷ ಬಂಗಾರಪೇಟೆಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನಿಗೆ ಒಂದೂ ಸಿಗಲಿಲ್ಲ.

ತಪ್ಪು ಅವನದಲ್ಲ, ಮಾತಿನದು ಎಂದು ಅವನ ನಂಬಿಕೆ. ಆರು ವರ್ಷದ ಹಿಂದೆ ಅವನು ಮೊದಲು ಬರೆದದ್ದು ಒಂದೇ ಸಾಲು: ಅಕ್ಕ ಹಾಲು ಹೊತ್ತು ಗಣಿಯವರ ಕೋರಮಂಡಲ್ ಕ್ವಾರ್ಟರ್ಸಿಗೆ ಹೋಗುತ್ತಿದ್ದಳು, ನಾನು ಸ್ಕೂಲಿಗೆ. ಓದಿ ನೋಡಿದ. ಡೇರಿ ಸೆಕ್ರೆಟರಿಗೆ ಬರೆದ ಚೀಟಿಯ ಹಾಗಿತ್ತು. ಅಕ್ಕನನ್ನು ಅಗ್ರಜೆ ಮಾಡಿದ. ಹಾಲನ್ನು ಕ್ಷೀರ ಮಾಡಿದ. ಸ್ಕೂಲು ಅಕ್ಷರದೇಗುಲವಾಯಿತು. ಅಷ್ಟು ಭಾರದ ಮಾತು ಹೊತ್ತುಕೊಂಡು ಬದುಕುವುದು ಯಾವ ಹೆಂಗಸಿಗೂ ಕಷ್ಟ. ನಾಲ್ಕನೇ ಸಾಲಿನಲ್ಲಿ ಅಗ್ರಜೆ ತೀರಿಕೊಂಡಳು. ಪದ್ಯ ಬದುಕಿಕೊಂಡಿತು.

ಐದನೇ ಸಾಲು ಇನ್ನೂ ಹೆಸರು ಮಾಡಿತು. ‘ಕಾಲವು ಕಸಿಯಿತು ನಿನ್ನ ಪಾಟಿಯನು.’ ಬೆಂಗಳೂರಿನಿಂದ ಬಂದಿದ್ದ ವಿಮರ್ಶಕರೊಬ್ಬರು ಇದು ಇಡೀ ತಲೆಮಾರಿನ ಪಶ್ಚಾತ್ತಾಪ ಎಂದು ಭಾಷಣ ಮಾಡಿ, ಎರಡು ಲೋಟ ನೀರು ಕುಡಿದರು.

ಆ ಸ್ಲೇಟು ಕಸಿದದ್ದು ಕಾಲವಲ್ಲ. ಜಯರಾಮಪ್ಪನಿಗೆ ಆಗ ಒಂಬತ್ತು ವರ್ಷ. ದೊಡ್ಡ ಸ್ಕೂಲಿಗೆ ಒಬ್ಬರು, ಎಮ್ಮೆಗೆ ಒಬ್ಬರು ಎಂದು ಅಪ್ಪ ತೀರ್ಮಾನಿಸಿದ್ದ. ಮೇಷ್ಟರು ಹುಡುಗಿಯೇ ಚುರುಕು ಎಂದಿದ್ದರು. "ಅಕ್ಕಂಗೆ ಓದೋ ಆಸೆ ಐತಾ, ಓಗಿ ಕೇಳ್ಕಂಬಾ ಓಗ್ಲಾ," ಎಂದು ಅಪ್ಪ ಅವನನ್ನೇ ಕಳಿಸಿದ. ಅಕ್ಕ ಕೊಟ್ಟಿಗೆಯಲ್ಲಿದ್ದಳು. ಅವನು ಹುಣಸೆಮರದವರೆಗೆ ಹೋದ. ಅಲ್ಲಿಂದಲೇ ತಿರುಗಿ ಬಂದ. "ಬೇಡ್ವಂತೆ," ಎಂದ.

ಇಷ್ಟೇ. ಪದ್ಯದಲ್ಲಿ ಹುಣಸೆಮರ ಇಲ್ಲ.

"ಲೇ ಜೈರಾಮ," ಮುನಿಶಾಮಮ್ಮ ಕ್ಯಾನು ಎತ್ತಿಕೊಂಡಳು. "ಅಪ್ಪಯ್ಯ ಕಣ್ಣು ಮುಚ್ಚೋಕ್ ಮುಂಚೆ ನಿನ್ ವಿಸ್ಯ ಒಂದ್ ಮಾತ್ ಯೋಳಿದ್ದ. ಇವತ್ತು ಗ್ಯಾಪಕ ಬಂತು."

"ಏನಂದಿದ್ರು?"

"ನಿಂದ್ ಮೊದ್ಲು ಆಗ್ಲಿ. ನೀನ್ ಯೋಳಾದ್ಮೇಲೆ ನಾನ್ ಯೋಳ್ತೀನಿ."

ನಗುತ್ತಾ ಒಳಗೆ ಹೋಗಿ ಮುಂದಿನ ಸಾಲಿನಲ್ಲೇ, ಕದಿರಮ್ಮ ಎಂಬವಳ ಪಕ್ಕದಲ್ಲಿ ಕೂತಳು. ಕ್ಯಾನನ್ನು ಕಾಲಸಂದಿಯಲ್ಲಿ ಇಟ್ಟುಕೊಂಡಳು.

ವೇದಿಕೆಯ ಮೇಲೆ ಒಂದು ಖಾಲಿ ಕುರ್ಚಿ. ಅದರ ಬೆನ್ನಿಗೆ ಚೆಂಡುಹೂವಿನ ಮಾಲೆ. ಮುಂದೆ ಊದುಬತ್ತಿ.

"ಇದೇನ್ ಕೋದಂಡಪ್ಪನೋರೇ?" ಜಯರಾಮಪ್ಪ ಮಾಲೆಯ ಕಡೆ ಕೈ ಮಾಡಿದ.

ಕವಿಗೋಷ್ಠಿ ನಡೆಸುತ್ತಿದ್ದ ಸಂಘದ ಅಧ್ಯಕ್ಷ ಕೋದಂಡಪ್ಪ ಕೈ ಹೊಸೆದ. "ನಿಮ್ಮಕ್ಕಾರ ಫೋಟೋ ಕೇಳ್ದೆ, ನೀವು ಕೊಡ್ಲಿಲ್ಲ ಮೇಷ್ಟ್ರೇ. ಅದ್ಕೇ ಕುರ್ಚೀಗೇ ಹಾಕಿಸ್ಬಿಟ್ಟೆ. ಎಂಗೈತೆ ಎಫೆಕ್ಟು?"

"ತೆಗೆಸಿ."

"ನೋವಾಯ್ತಾ?"

"ಆಯ್ತು."

"ಅಂಗಾದ್ರೆ ಇರ್ಲಿ. ಜನಕ್ಕೂ ಆಗ್ಬೇಕಲ್ಲ."

ಮೈಕಿನ ಮುಂದೆ ನಿಂತ ಜಯರಾಮಪ್ಪ ಒಂದು ತೀರ್ಮಾನ ಮಾಡಿದ. ನಾಲ್ಕನೇ ಸಾಲು ಬಿಡುವುದು. ಐದನೆಯದರಲ್ಲಿ ಕಾಲವನ್ನು ತೆಗೆದು ತನ್ನ ಹೆಸರು ಹೇಳುವುದು. ಮನೆಯಲ್ಲಿ ಕರೆಯುವ ಹಾಗೆ ಅಕ್ಕಾ ಎಂದು ಶುರುಮಾಡುವುದು. ಐವತ್ತು ವರ್ಷದ ಕೆಲಸ, ಮೂರು ನಿಮಿಷದಲ್ಲಿ ಮುಗಿಯುತ್ತದೆ.

ಬಾಯಿ ತೆರೆದ. ಬಂದದ್ದು ಆ ಇನ್ನೊಂದು ದನಿ: ಆಳದ್ದು, ನಡುಗುವಂಥದ್ದು, ಸ್ವರ ಎಳೆಯುವಂಥದ್ದು. ಅದು ಅವನದಲ್ಲ. ವೇದಿಕೆ ಹತ್ತಿದೊಡನೆ ಶಾಲು ಹೊದಿಸಿದ ಹಾಗೆ ಯಾರೋ ಅದನ್ನು ಹೊದಿಸಿಬಿಡುತ್ತಿದ್ದರು. "ಅಗ್ರಜೇ..." ಎಂದಿತು ಮೈಕು. ಸಭೆಯಲ್ಲಿ ಆಗಲೇ ನಾಲ್ಕು ಕರ್ಚೀಫು ಹೊರಬಂದವು.

ಮೂರನೇ ಸಾಲಿನಿಂದ ಐದಕ್ಕೆ ನೆಗೆದ.

"ಮೇಷ್ಟ್ರೇ, ಸಾಯೋ ಸಾಲು ಬಿಟ್ಬಿಟ್ರಿ!" ಕೋದಂಡಪ್ಪ ಹಿಂದಿನಿಂದ ಕೂಗಿದ.

"ಸಾಯೋ ಸಾಲು! ಸಾಯೋ ಸಾಲು!" ಎಂದರು ಜನ. ಬಾಗಿಲಲ್ಲಿ ಸೆಲ್ವರಾಜನೂ ಸೇರಿಕೊಂಡಿದ್ದ. ಅವನ ದನಿಯೇ ಎಲ್ಲರಿಗಿಂತ ಜೋರಾಗಿತ್ತು.

ಜಯರಾಮಪ್ಪ ಅಕ್ಕನ ಕಡೆ ನೋಡಲಿಲ್ಲ. ಹನ್ನೆರಡನೇ ಸಲ ಅವಳನ್ನು ಸಾಯಿಸಿದ. ಚೆನ್ನಾಗಿಯೇ ಸಾಯಿಸಿದ. ಐದನೇ ಸಾಲಿನಲ್ಲಿ ಕಾಲವೇ ಕಸಿಯಿತು.

ಚಪ್ಪಾಳೆ ನಿಂತ ಮೇಲೆ ನೋಡಿದ. ಮುನಿಶಾಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಭುಜ ಕುಲುಕುತ್ತಿತ್ತು. ಅಳುವೋ ನಗುವೋ ತಿಳಿಯಲಿಲ್ಲ. ಅಳುವೇ ಆಗಿರಲಿ ಎಂದು ಅವನು ಹಾರೈಸಿದ. ಅವಳ ನಗುವನ್ನು ತಾಳಿಕೊಳ್ಳುವಂಥ ಪದ್ಯ ಅವನಲ್ಲಿ ಇರಲಿಲ್ಲ.

"ಕವಿಗಳ ಅಗ್ರಜೆಯ ಆತ್ಮಕ್ಕೆ ಶಾಂತಿ ಕೋರಿ ಒಂದು ನಿಮಿಷ ಮೌನ," ಎಂದ ಕೋದಂಡಪ್ಪ.

ಎಲ್ಲರೂ ಎದ್ದರು. ಮುನಿಶಾಮಮ್ಮನೂ ಎದ್ದಳು. ಕೈಮುಗಿದು, ಕಣ್ಣು ಮುಚ್ಚಿ, ಎಲ್ಲರಿಗಿಂತ ನೆಟ್ಟಗೆ ನಿಂತಳು. ಕಿಟಕಿಯಾಚೆ, ಗಣಿಯವರು ಚಿನ್ನ ತೆಗೆದುಕೊಂಡು ಬಿಟ್ಟುಹೋದ ಮಣ್ಣಿನ ದಿಬ್ಬ ಬಿಸಿಲಿಗೆ ಬೆಳ್ಳಗೆ ಬಿದ್ದಿತ್ತು. ಜಯರಾಮಪ್ಪನಿಗೆ ಆ ನಿಮಿಷ ಒಂದು ಗಂಟೆಯಾಯಿತು. ಅವಳ ಕಾಲು ತಾಗಿ ಕ್ಯಾನಿನ ಮುಚ್ಚಳ ಟಿಣ್ ಎಂದಿತು.

ಆ ಮೌನದ ನಡುವೆಯೇ ಕದಿರಮ್ಮ ಪಿಸುಗುಟ್ಟಿದ್ದು ಸಭೆಗೆಲ್ಲ ಕೇಳಿಸಿತು. "ನೀನೇನಾಗ್ಬೇಕಮ್ಮ ಸತ್ತೋಳ್ಗೆ?"

ಮುನಿಶಾಮಮ್ಮ ಕಣ್ಣು ತೆರೆಯಲಿಲ್ಲ. "ಬಲು ಅತ್ರದೋಳು ಕಣಮ್ಮ."

ಕೋದಂಡಪ್ಪನ ಮುಖ ಅರಳಿತು. ಮೌನಕ್ಕೆ ಇನ್ನೂ ಹತ್ತು ಸೆಕೆಂಡು ಬಾಕಿ ಇರುವಾಗಲೇ ಕೆಳಗಿಳಿದು ಬಂದ. "ಬಂಧುಗಳೇ ಬಂದವ್ರೆ! ಬಾಮ್ಮ, ಮೇಲಕ್ಕೆ ಬಾ. ತೀರ್ಕಂಡೋರ ಬಗ್ಗೆ ಒಂದೆರಡು ಮಾತಾಡು."

"ಅಕ್ಕಾ, ಬೇಡ," ಎಂದ ಜಯರಾಮಪ್ಪ. ಮೈಕು ಪಕ್ಕಕ್ಕಿತ್ತು. ಯಾರಿಗೂ ಕೇಳಿಸಲಿಲ್ಲ. ಇಡೀ ದಿನದಲ್ಲಿ ಅವನು ಸ್ವಂತ ದನಿಯಲ್ಲಿ ಆಡಿದ ಮಾತು ಅದೊಂದೇ ಇರಬೇಕು.

ಅವಳು ಮಂಡಿ ಹಿಡಿದುಕೊಂಡು ಮೂರು ಮೆಟ್ಟಿಲು ಹತ್ತಿದಳು. ಕೋದಂಡಪ್ಪ ಮೈಕು ಕೊಟ್ಟ. ಹಾಲು ಅಳೆಯುವ ಲೋಟದ ಹಾಗೆ ಅದನ್ನು ಹಿಡಿದುಕೊಂಡಳು.

"ಕಾಲ್ ನೋಯ್ತಾವೆ ಕಣಪ್ಪ. ಕೂತ್ಕಂಡೇ ಯೋಳ್ತೀನಿ."

ಖಾಲಿ ಇದ್ದದ್ದು ಒಂದೇ ಕುರ್ಚಿ. ಯಾರೋ "ಅಯ್ಯೋ" ಎನ್ನುವುದರೊಳಗೆ ಕೂತುಬಿಟ್ಟಳು. ಚೆಂಡುಹೂವು ಬೆನ್ನಿಗೆ ಚುಚ್ಚಿರಬೇಕು. ಎಳೆದು ತೆಗೆದಳು. ಒಂದು ಕೈಯಲ್ಲಿ ಮೈಕು, ಇಡಲು ಜಾಗವಿಲ್ಲ. ಮಾಲೆಯನ್ನು ತನ್ನ ಕೊರಳಿಗೇ ಹಾಕಿಕೊಂಡಳು. ಊದುಬತ್ತಿಯ ಹೊಗೆ ಅವಳ ಮುಖದ ಮೇಲೆ ಹಾದುಹೋಯಿತು. ಒಮ್ಮೆ ಸೀನಿದಳು.

"ನಮ್ಮನೆ ಅಟ್ಟಿ ಮುಂದೆ ಒಂದು ಉಣಸೆಮರ ಇತ್ತು. ಅಪ್ಪಯ್ಯ ಕಣ್ಣು ಮುಚ್ಚೋಕ್ ಮುಂಚೆ ಅದ್ರ ವಿಸ್ಯಾನೇ ಯೋಳಿದ್ದ," ಎಂದಳು.

ಜನ ಕರ್ಚೀಫು ಸರಿಮಾಡಿಕೊಂಡರು.

ಮುನಿಶಾಮಮ್ಮ ಅಲ್ಲಿಗೇ ನಿಲ್ಲಿಸಿ ತಮ್ಮನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನಗು ಇತ್ತು. ನಗುವಿನ ಕೆಳಗೆ ಇನ್ನೇನೋ ಇತ್ತು. ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದಳು.

"ಮುಂದಕ್ಕೆ ನೀನ್ ಯೋಳ್ತೀಯೋ, ನಾನೇ ಯೋಳ್ಲೋ?"

ಜಯರಾಮಪ್ಪ ಬಾಯಿ ತೆರೆದ. ಇನ್ನೂರು ಜನ ಉಸಿರು ಹಿಡಿದರು. ನೂರು ಅನ್ನಿ ಬೇಕಾದರೆ. ಕೊರಳಲ್ಲಿ ಮಾಲೆ ಹಾಕಿಕೊಂಡ ಹೆಂಗಸು ಕೈ ಚಾಚಿಕೊಂಡೇ ಕೂತಿದ್ದಳು. ಅವನ ಬಾಯಿಂದ ಬಂದದ್ದು ಅಕ್ಕಾ ಎಂದೋ, ಅಗ್ರಜೇ ಎಂದೋ? ಇಷ್ಟು ಕೇಳಿದ್ದೀರಿ, ಅದೊಂದನ್ನು ನೀವೇ ಹೇಳಿ ನೋಡೋಣ.