ಸಾಲಿಮ ಚಾಚಾನ ಒಂಬತ್ತು ವಹಿಗಳು

"ಇವನ್ನೂ ಸಾಲಿಮ ಚಾಚಾನ ಸಂಗಾಟ ಇಟ್ಟುಬಿಡ್ರಿ, ಮೌಲವಿಸಾಹೇಬ್ರ," ಎನ್ನುತ್ತ ತಡವಳದ ಕುರುಬ ಧೂಳಪ್ಪ ತಲೆಯ ಮೇಲಿನ ಕಂಬಳಿ ಗಂಟನ್ನು ಕಬರಸ್ತಾನದಲ್ಲಿ ತೋಡಿದ ಕುಣಿಯ ಅಂಚಿಗೆ ಇಳಿಸಿದ. "ದೇವರ ಅಕ್ಷರ ಅದಾವ. ಮನ್ಯಾಗ ಯಾರರೆ ತುಳದರ ಪಾಪ."

ಗಂಟಿನಲ್ಲಿ ಒಂಬತ್ತು ವಹಿಗಳಿದ್ದವು. ಸಾಲಿಮ ಅರಬಸ್ತಾನದವನು. ಹರೆಯದಲ್ಲಿ ನಿಜಾಮನ ಪೌಜಿಗೆ ಬಂದು, ಪೌಜು ಮುರಿದ ಮೇಲೆ ಧೂಳಪ್ಪನ ಹಟ್ಟಿ ಸೇರಿ ಎಂಟು ವರ್ಷ ಕುರಿ ಕಾದಿದ್ದ. ಬಿಡುವಾದಾಗಲೆಲ್ಲ ಬರೆಯುತ್ತಿದ್ದ. ಕುರಾನಿನ ನಕಲೆಂದೇ ಊರು ತಿಳಿದಿತ್ತು.

ಅಕ್ಕಲಕೋಟೆಯ ಮೌಲವಿ ಕಾಸಿಮಸಾಹೇಬರು ಒಂದು ವಹಿಯನ್ನು ಕಣ್ಣಿಗೊತ್ತಿಕೊಂಡು ತೆರೆದರು. ಒಂದು ಪುಟ ಓದಿದರು, ಇನ್ನೊಂದು ಓದಿದರು.

"ಧೂಳಪ್ಪ, ಇದು ಕುರಾನ ಅಲ್ಲೋ. ಇದರಾಗ ನೀ ಇದ್ದಿ."

"ನಾನ?"

ಹಾಳೆಗಳ ನಡುವಿನಿಂದ ಒಂದು ಕಾಗದ ಜಾರಿತು.

*

ನಾಲ್ಕು ವರ್ಷದ ಹಿಂದೆ, ಸೊಲ್ಲಾಪುರದಲ್ಲಿ ಉಣ್ಣೆ ಮಾರಿ ಬರುವಾಗ, ಕೈರೋದಿಂದ ಬಂದಿದ್ದ ಪತ್ರವನ್ನು ಸಾಲಿಮ ಹರಿದೆಸೆದಿದ್ದ.

"ಏನಾತು ಚಾಚಾ?"

"ನನ್ನ ಹಾಡಿಗೆ ತಾಳ ಇಲ್ಲಂತ. ಹನ್ನೆರಡ ವರ್ಷದಿಂದ ಕೈರೋದವ್ರು ಅದನ್ನ ಬರದ ಹೊಳ್ಳಿ ಕಳಸ್ತಾರ."

ಚಾಚಾ ಗುನುಗುವ ಯಾವುದೋ ಹಾಡಿರಬೇಕೆಂದು ಧೂಳಪ್ಪ ಅಂದುಕೊಂಡ. "ಕುರಿ ನಡ್ಯಾಕ ತಾಳ ಬೇಕೇನು? ಇಲ್ಲದಿದ್ರೂ ಹಿಂಡ ಹಟ್ಟಿ ಮುಟ್ಟೂದಿಲ್ಲೇನು?"

ಸಾಲಿಮ ದಾರಿಯಲ್ಲೇ ಕುಳಿತು ಬರೆದ. ಐದು ತಿಂಗಳ ಮೇಲೆ ಊರಿಗೆಲ್ಲ ಪೇಢೆ ಹಂಚಿದ. "ಬೈರೂತಿನಾಗ ಹುಟ್ಯದ," ಎಂದ. ಮೊಮ್ಮಗನಿರಬೇಕೆಂದು ಎಲ್ಲರೂ ತಿಂದರು.

*

"ಬೈರೂತಿನ ಮಾಸಿಕದವರ ಕಾಗದ ಇದು," ಮೌಲವಿಗಳು ಅದನ್ನು ಎತ್ತಿಕೊಂಡು ಓದಿದರು. "'ತಾಳ ಇಲ್ಲದ ಕುರಿ ಹಿಂಡ' ಅನ್ನೂ ನಿಮ್ಮ ಹಾಡ ಛಾಪಿಸೀವಿ, ಇನ್ನೂ ಕಳಸ್ರಿ ಅಂದಾರ." ವಹಿಯಲ್ಲಿ ಅಂಟಿಸಿದ್ದ ಅಚ್ಚಿನ ಹಾಳೆಗಳನ್ನು ಬೇಗ ಬೇಗ ಮಗುಚಿದರು. "ಹನ್ನೊಂದ ಹಾಡ ಬಂದಾವ. ತಡವಳ, ನಿನ್ನ ಟಗರು, ನಿನ್ನ ಜಗಳ, ಎಲ್ಲಾ ಅಲ್ಲೀ ಮಂದಿ ಓದ್ಯಾರ."

"ನಂದೇನರೆ ಅದೇನ್ರಿ?" ಎಂದು ಗುದ್ದಲಿ ಹಿಡಿದಿದ್ದ ಕಾಮಣ್ಣ ಹತ್ತಿರ ಬಂದ. ಅವನ ಹಿಂದೆ ಉಳಿದವರೂ ನುಗ್ಗಿದರು.

"ಮೊದಲ ಮಣ್ಣ ಕೊಡ್ರಿ," ಎಂದು ಮೌಲವಿಗಳು ಗದರಿಸಿದರು.

ಮಣ್ಣಾಯಿತು, ದುವಾ ಆಯಿತು. ವಹಿಗಳು ಮೇಲೆಯೇ ಉಳಿದವು. ಯಾರೂ ಕದಲಲಿಲ್ಲ. ಕಬರಸ್ತಾನದ ಗೋಡೆಯಾಚೆ ರಸ್ತೆಯಲ್ಲಿ ಹೆಂಗಸರ ನಡುವೆ ನಿಂತಿದ್ದ ಧೂಳಪ್ಪನ ಹೆಂಡತಿ ಗಂಗುಬಾಯಿ ಕೂಗಿದಳು:

"ಸಾಹೇಬ್ರ, ಇಲ್ಲಿ ಏನೂ ಕೇಳವಲ್ದು. ನನ್ನ ಸುದ್ದಿ ಏನ ಬರದಾನ?"

ಎಪ್ಪತ್ತರ ಮೌಲವಿಗಳು ಚಪ್ಪಲಿ ಬಿಟ್ಟು, ಧೂಳಪ್ಪನ ಹೆಗಲಿಗೆ ಕಾಲು ಕೊಟ್ಟು ಗೋಡೆ ಏರಿದರು. ಒಂದು ಕಾಲು ಗೋರಿಗಳ ಕಡೆ, ಒಂದು ಕಾಲು ರಸ್ತೆಯ ಕಡೆ ಇಳಿಬಿಟ್ಟು ಕುಳಿತರು.

"ಗಂಗುಬಾಯಿ ರೊಟ್ಟಿ ಬಡಿಯೂ ಸಪ್ಪಳಕ್ಕ..." ಎಂದು ವಹಿಯ ಅರಬ್ಬಿಯನ್ನು ಕನ್ನಡ ಮಾಡುತ್ತ ಗಟ್ಟಿಯಾಗಿ ಶುರು ಮಾಡಿದರು.

ಮಂಗಳವೇಢೆಯ ಬಸ್ಸು ಹೆಂಗಸರ ಗುಂಪು ದಾಟಲಾಗದೆ ನಿಂತಿತು. ಕಿಟಕಿಕಿಟಕಿಯಿಂದ ತಲೆಗಳು ಹೊರಬಂದವು. ಡ್ರೈವರ ಇಂಜಿನ್ ಬಂದ್ ಮಾಡಿದ.