ಮೂವತ್ತೊಂದು ಮಂದಿಯ ಒಂದೇ ಗುಟ್ಟು

ಪೆನಿನಾ ಅವೂರ್‌ಗೆ ಸಾಕುಸಾಕಾಗಿ ಹೋಗಿತ್ತು. ಹನ್ನೊಂದು ವರ್ಷದಿಂದ ಕೊದೆರಾ ಪೇಟೆಯ ತಗಡಿನ ಅಂಗಡಿಯಲ್ಲಿ, ಒಂದೇ ಒಂದು ಕಿಟಕಿಯ ಹಿಂದೆ ಕೂತು, ಜನರ ಫೋನಿನಲ್ಲಿದ್ದ ದುಡ್ಡನ್ನು ನೋಟು ಮಾಡಿ ಕೊಡುವುದು, ನೋಟು ತಂದವರ ಫೋನಿಗೆ ದುಡ್ಡು ತುಂಬುವುದು. ಕೆಲಸ ಇಷ್ಟೇ, ಕೇಳುವವರಿಗೆ ಸುಲಭ. ಆದರೆ ಈಗ ಮೀನಿನವಳೂ ಫೋನಿಗೇ ಹಾಕು ಎನ್ನುತ್ತಾಳೆ, ಮಟಾಟು ಗಾಡಿಯ ಕಂಡಕ್ಟರನೂ ಫೋನಿಗೇ ಹಾಕು ಎನ್ನುತ್ತಾನೆ, ಭಾನುವಾರ ಪಾದ್ರಿಗಳು ಕಾಣಿಕೆಯ ತಟ್ಟೆ ಕಳಿಸುವ ಬದಲು ನಂಬರು ಓದಿ ಹೇಳುತ್ತಾರೆ. ಅಕ್ಷರ ಬಾರದ, ಗುಂಡಿ ಕಾಣದ ಮುದುಕ ಮುದುಕಿಯರು ಎಲ್ಲಿಗೆ ಹೋಗಬೇಕು? ಪೆನಿನಾಳ ಕಿಟಕಿಗೆ ಬರುತ್ತಿದ್ದರು. ಫೋನನ್ನು ಒಳಗೆ ತೂರಿಸಿ, ನೀನೇ ಒತ್ತವ್ವ, ನಂಬರು ನಿನಗೆ ಗೊತ್ತಲ್ಲ ಎಂದು ನಿಂತುಬಿಡುತ್ತಿದ್ದರು.

ಗೊತ್ತಿತ್ತು. ಗೊತ್ತಿದ್ದದ್ದೇ ತಪ್ಪಾಯಿತು.

ಮೊದಮೊದಲು ಅವಳು ಒಬ್ಬೊಬ್ಬರಿಗೂ ಬೇರೆಬೇರೆ ಗುಟ್ಟಿನ ನಂಬರು ಇಟ್ಟುಕೊಟ್ಟಿದ್ದಳು. ಒಬ್ಬರಿಗಾದರೂ ನೆನಪಿರಬೇಕಲ್ಲ! ಮೂರು ಸಲ ತಪ್ಪು ಒತ್ತಿದರೆ ದುಡ್ಡಿಗೆ ಬೀಗ ಬೀಳುತ್ತಿತ್ತು. ಬಿಡಿಸಬೇಕಾದರೆ ಹೋಮಾ ಬೇ ಪಟ್ಟಣದ ಕಚೇರಿಗೆ ಹೋಗಬೇಕು, ಒಂದು ದಿನ ಹಾಳು, ಗಾಡಿ ಖರ್ಚು ಬೇರೆ, ಬೈಗುಳವೆಲ್ಲ ಪೆನಿನಾಗೆ. ಹೀಗೆ ಬೇಸತ್ತ ಒಂದು ಮಧ್ಯಾಹ್ನ ಮುದುಕನೊಬ್ಬನನ್ನು, ದೇಶಕ್ಕೆ ಸ್ವಾತಂತ್ರ್ಯ ಬಂದದ್ದು ಯಾವ ವರ್ಷ ತಾತ ಎಂದು ಕೇಳಿದಳು. ಅರವತ್ತಮೂರು, ಬಾವುಟ ಏರಿಸಿದಾಗ ನಾನಲ್ಲೇ ಇದ್ದೆ ಎಂದು ಅವನು ಎದೆಯುಬ್ಬಿಸಿದ. ಸಾವಿರದ ಒಂಬೈನೂರ ಅರವತ್ತಮೂರನ್ನೇ ಅವನ ನಂಬರು ಮಾಡಿ, ಯಾರಿಗೂ ಹೇಳಬೇಡ ಎಂದಳು. ಅವನು ಮರೆಯಲಿಲ್ಲ. ಮುಂದೆ ಬಂದವಳಿಗೂ ಅದನ್ನೇ ಇಟ್ಟಳು, ಅವಳೂ ಮರೆಯಲಿಲ್ಲ. ಎಂಥ ನೆಮ್ಮದಿ! ವರ್ಷ ತುಂಬುವಷ್ಟರಲ್ಲಿ ಪೇಟೆಯ ಮೂವತ್ತೊಂದು ಮಂದಿ ಹಿರಿಯರ ಗುಟ್ಟು ಒಂದೇ ಆಗಿತ್ತು. ಪ್ರತಿಯೊಬ್ಬರೂ ಅದು ತಮ್ಮೊಬ್ಬರದೇ ಎಂದುಕೊಂಡಿದ್ದರು. ನಾನೊಬ್ಬಳು ಸುಮ್ಮನಿದ್ದರೆ ಆಯಿತಲ್ಲ ಎಂದು ಪೆನಿನಾ ಅಂದುಕೊಂಡಿದ್ದಳು.

ಹಾಗಿರುವಾಗ ಅದೋಯೊ ಅಜ್ಜಿಯ ದುಡ್ಡು ಹೋಯಿತು.

ಅದೋಯೊಗೆ ಎರಡು ಕಣ್ಣಿಗೂ ಪೊರೆ. ಮೊಂಬಾಸಾದಲ್ಲಿ ಹೋಟೆಲಿನ ಬಟ್ಟೆ ಒಗೆಯುವ ಮಗಳು ಎರಡು ವರ್ಷ ಕೂಡಿಟ್ಟು, ಆಪರೇಷನ್ನಿಗೆಂದು ಮೂವತ್ತೆಂಟು ಸಾವಿರ ಶಿಲ್ಲಿಂಗನ್ನು ತಾಯಿಯ ಫೋನಿಗೆ ಕಳಿಸಿದ್ದಳು. ಅಜ್ಜಿ ಒಳ್ಳೆಯ ಗೌನು ತೊಟ್ಟು, ತಲೆಗೆ ವಸ್ತ್ರ ಕಟ್ಟಿ, ಮೂರು ಗಂಟೆ ಗಾಡಿಯಲ್ಲಿ ಕುಲುಕಿಸಿಕೊಂಡು ಆಸ್ಪತ್ರೆಗೆ ಹೋದಳು. ಅಲ್ಲಿ ದುಡ್ಡು ಕಟ್ಟುವ ಕಿಟಕಿಯಲ್ಲಿ ಫೋನು ನೋಡಿದ ಹುಡುಗಿ, ಇದರಲ್ಲಿ ಹನ್ನೊಂದು ಶಿಲ್ಲಿಂಗ್ ಇದೆ ಎಂದಳು. ನಾಲ್ಕು ದಿನದ ಹಿಂದೆಯೇ ಇದ್ದಬದ್ದದ್ದೆಲ್ಲ ಯಾವುದೋ ನಂಬರಿಗೆ ಹೋಗಿತ್ತು. ಆ ನಂಬರಿಗೆ ಕರೆ ಮಾಡಿದರೆ ಫೋನು ಬಂದ್ ಆಗಿತ್ತು. ಅಜ್ಜಿ ಅಲ್ಲೇ ಬೆಂಚಿನ ಮೇಲೆ ಸಂಜೆಯವರೆಗೂ ಕೂತಿದ್ದಳಂತೆ. ಮರಳಿ ಬರುವ ಗಾಡಿಗೆ ಯಾರೋ ಪುಣ್ಯಾತ್ಮರು ದುಡ್ಡು ಕೊಟ್ಟರು.

ಕದ್ದವನ ಕೈಗೆ ಫೋನೂ ಸಿಕ್ಕಿರಬೇಕು, ನಂಬರೂ ತಿಳಿದಿರಬೇಕು. ಫೋನು ಸಿಗುವುದೇನೂ ಕಷ್ಟವಲ್ಲ. ಹಿರಿಯರ್ಯಾರ ಮನೆಯಲ್ಲೂ ಕರೆಂಟಿಲ್ಲ. ಪೆನಿನಾಳ ಅಂಗಡಿಯ ಪಕ್ಕದಲ್ಲೇ ಒತುಲಾ ಎಂಬವನ ಚಾರ್ಜಿಂಗ್ ಅಂಗಡಿ, ವಾರಕ್ಕೆರಡು ಸಲ ಎಲ್ಲರ ಫೋನೂ ಅಲ್ಲಿ ರಾತ್ರಿಯಿಡೀ ಬಿದ್ದಿರುತ್ತಿದ್ದವು. ಜನ ಅವನನ್ನು ಕೇಳಿದರು. ಒತುಲಾ ನಗುತ್ತಲೇ ಉತ್ತರ ಕೊಟ್ಟ. ನನ್ನ ಹತ್ತಿರ ನಲವತ್ತು ಫೋನು ಬರುತ್ತವೆ, ನಾನು ಬರೀ ತಂತಿ ಚುಚ್ಚುವವನು, ಯಾರ ನಂಬರು ನನಗೇನು ಗೊತ್ತು? ಗೊತ್ತಿರುವವರನ್ನು ಕೇಳಿ. ಹೀಗೆ ಹೇಳಿ ಅವನು ಪಕ್ಕದ ತಗಡಿನ ಕಡೆ ಗದ್ದ ತೋರಿಸಿದ.

ಅಲ್ಲಿಗೆ ಮುಗಿಯಿತು. ಮೊದಲ ದಿನ ಕಿಟಕಿಗೆ ಬರುವವರು ಕಡಿಮೆಯಾದರು, ಎರಡನೆಯ ದಿನ ಯಾರೂ ಬರಲಿಲ್ಲ. ಮಂಗಳವಾರ ಮಾವಿನ ಮರದಡಿ ಪಂಚಾಯ್ತಿ ಸೇರಿಸುತ್ತೇನೆ ಎಂದು ಊರ ಮುಖ್ಯಸ್ಥ ಚೀಫ್ ಒಮೋಲೊ ಹೇಳಿಕಳಿಸಿದ.

ಪೆನಿನಾಗೆ ತನ್ನ ಮೇಲಿನ ಅನುಮಾನಕ್ಕಿಂತ ಇನ್ನೊಂದರ ಭಯ ಹೆಚ್ಚಾಗಿತ್ತು. ಅದೋಯೊಳ ನಂಬರು ತಿಳಿದವನಿಗೆ ಮೂವತ್ತೊಂದು ಮಂದಿಯ ನಂಬರೂ ತಿಳಿದ ಹಾಗೆಯೇ. ಇನ್ನೊಂದು ಫೋನಿನಲ್ಲಿ ಒತ್ತಿ ನೋಡುವುದಷ್ಟೇ ಬಾಕಿ. ಬರುವ ಗುರುವಾರ ಸರ್ಕಾರದ ವೃದ್ಧಾಪ್ಯದ ದುಡ್ಡು ಎಲ್ಲರ ಫೋನಿಗೂ ಬೀಳುವುದಿತ್ತು. ಬಾಯಿ ಬಿಟ್ಟು ಹೇಳಿದರೆ ಊರಿನವರು ತನ್ನನ್ನೇ ಕಳ್ಳಿ ಎನ್ನುತ್ತಾರೆ, ಫೋನ್ ಕಂಪನಿಯವರು ಕಿಟಕಿ ಮುಚ್ಚಿಸುತ್ತಾರೆ. ಹೇಳದಿದ್ದರೆ ಗುರುವಾರ ಎಲ್ಲರೂ ಅದೋಯೊಳ ಹಾಗೆ ಬೆಂಚಿನ ಮೇಲೆ ಕೂರುತ್ತಾರೆ. ಒಬ್ಬೊಬ್ಬರನ್ನೇ ಕರೆದು ಗುಟ್ಟಾಗಿ ನಂಬರು ಬದಲಿಸಿಬಿಡೋಣ ಎಂದರೆ, ಕರೆದರೆ ಬರುವವರಾದರೂ ಯಾರು?

ಮಂಗಳವಾರ ಮರದಡಿ ಊರೆಲ್ಲ ನೆರೆಯಿತು. ಹಿರಿಯರು ಮುಂದಿನ ಬೆಂಚುಗಳಲ್ಲಿ ಕೂತಿದ್ದರು. ಒತುಲಾ ಹಿಂದೆ ಒಂದು ಬೈಕಿಗೆ ಒರಗಿ ನಿಂತಿದ್ದ. ಚೀಫ್ ಅದೋಯೊಳನ್ನು ಎದ್ದು ನಿಲ್ಲಿಸಿ, ನಿನ್ನ ನಂಬರು ಯಾರಿಗೆ ಗೊತ್ತು ಎಂದು ಕೇಳಿದ.

"ನಂಗೆ, ದೇವ್ರಿಗೆ, ಈ ಉಯೋಮಾದ ಮಗಳಿಗೆ," ಎಂದಳು ಅದೋಯೊ. ಪೆನಿನಾಳ ತವರು ಉಯೋಮಾ. ಮದುವೆಯಾಗಿ ಬಂದು ಇಪ್ಪತ್ತೈದು ವರ್ಷವಾದರೂ ಊರಿನವರು ಅವಳನ್ನು ಕರೆಯುತ್ತಿದ್ದದ್ದು ತವರಿನ ಹೆಸರಿನಿಂದಲೇ. "ಇನ್ಯಾಕೆ ಮುಚ್ಚಿಡ್ಲಿ? ದುಡ್ಡೇ ಹೋದ್ಮೇಲೆ ಗುಟ್ಟಿಟ್ಕೊಂಡು ಏನ್ ಮಾಡ್ಲಿ? ಬಾವುಟ ಏರ್ಸಿದ್ ವರ್ಷ. ಅದೇ ನನ್ನ ನಂಬ್ರು."

ಪೆನಿನಾ ಮುಂದಿನ ಬೆಂಚುಗಳನ್ನು ನೋಡುತ್ತಿದ್ದಳು. ಒಬ್ಬ ಮುದುಕನ ಕೈ ಅಂಗಿಯ ಜೇಬಿಗೆ ಹೋಯಿತು. ಇನ್ನೊಬ್ಬಳು ಸೆರಗಿನಂತೆ ಹೊದ್ದಿದ್ದ ಬಟ್ಟೆಯ ಗಂಟನ್ನು ಹಿಡಿದುಕೊಂಡಳು. ಫೋನು ಚಾರ್ಜಿಗೆ ಕೊಟ್ಟು ಬಂದವರು ಬರೀ ಮೊಣಕಾಲು ಹಿಡಿದು ಕೂತರು. ಯಾರೊಬ್ಬರೂ ಪಕ್ಕದವರ ಮುಖ ನೋಡಲಿಲ್ಲ. ಅಯ್ಯೋ, ಇವಳದೂ ನನ್ನದೂ ಒಂದೇ ಆಗಿಬಿಟ್ಟಿದೆಯಲ್ಲ, ಬಾಯಿ ಬಿಟ್ಟರೆ ಕೆಟ್ಟೆ ಎಂದು ಮೂವತ್ತು ಮಂದಿಯೂ ತಮ್ಮತಮ್ಮೊಳಗೇ ಅಂದುಕೊಳ್ಳುತ್ತಿದ್ದುದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ತಾನು ಈಗ ಸುಮ್ಮನಿದ್ದರೆ ಅವರೂ ಸುಮ್ಮನಿರುತ್ತಾರೆ, ಗುರುವಾರದವರೆಗೂ. ಆ ಮುದುಕರ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಕನಿಕರವೂ ಬಂತು, ಅವಳು ಎದ್ದು ನಿಂತಳು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ," ಎಂದು ಮೀನಿನವಳೊಬ್ಬಳು ಹಿಂದಿನಿಂದ ಚುಚ್ಚಿದಳು. ಒಂದಿಬ್ಬರು ನಕ್ಕರು.

"ನಾನು ಕದ್ದಿಲ್ಲ," ಎಂದಳು ಪೆನಿನಾ. ದನಿ ಏರಿಸುವ ತ್ರಾಣ ಅವಳಿಗಿರಲಿಲ್ಲ. "ಆದ್ರೆ ಮಾಡ್ಬಾರದ್ದು ಮಾಡಿದೀನಿ. ಆ ನಂಬ್ರು ಅಜ್ಜೀದೊಂದೇ ಅಲ್ಲ. ಈ ಮುಂದೆ ಕೂತಿದಾರಲ್ಲ, ಎಲ್ರದೂ ಅದೇ. ನಾನೇ ಇಟ್ಟಿದ್ದು. ಮೂವತ್ತೊಂದು ನಂಬ್ರು ನೆನಪಿಟ್ಕೊಳ್ಳೋಕೆ ನನ್ ಕೈಲಿ ಆಗ್ಲಿಲ್ಲ. ಬೈಯ್ಯೋದಿದ್ರೆ ಆಮೇಲೆ ಬೈರಿ. ಮೊದ್ಲು ಹೋಗಿ ನಿಮ್ ನಿಮ್ ಫೋನು ಈಸ್ಕೊಳ್ಳಿ."

ಆಮೇಲೆ ಬಂದ ಬೈಗುಳಕ್ಕೆ ಲೆಕ್ಕವಿಲ್ಲ. ಮೂವತ್ತೊಂದು ಕುರಿಗೂ ಒಂದೇ ಹಗ್ಗ ಕಟ್ಟಿದಳು ಎಂದ ಒಬ್ಬ. ಸೋಮಾರಿ, ಮನೆಹಾಳಿ, ಹೊರಗಿನವಳು ಎಂದೆಲ್ಲ ಆಯಿತು. ಕಂಪನಿಗೆ ಕಾಗದ ಬರೆಯುತ್ತೇನೆ, ಈ ತಿಂಗಳ ಕೊನೆಗೆ ನಿನ್ನ ಕಿಟಕಿ ಮುಚ್ಚಬೇಕು ಎಂದ ಚೀಫ್. ಅದೋಯೊಳ ಕಣ್ಣಿಗೆ ಭಾನುವಾರ ಚರ್ಚಿನಲ್ಲಿ ಚಂದಾ ಎತ್ತುವುದೆಂದೂ ತೀರ್ಮಾನವಾಯಿತು. ಪೆನಿನಾ ಎಲ್ಲದಕ್ಕೂ ತಲೆಯಾಡಿಸಿದಳು. ಬೈಯುತ್ತ ಬೈಯುತ್ತಲೇ ಹಿರಿಯರು ಸಾಲಾಗಿ ಚಾರ್ಜಿಂಗ್ ಅಂಗಡಿಗೆ ನಡೆದು, ಕತ್ತಲಾಗುವ ಮೊದಲೇ ತಮ್ಮ ಫೋನುಗಳನ್ನು ಕೇಳಿ ಇಸಿದುಕೊಂಡರು. ಒತುಲಾ ಒಂದೊಂದನ್ನೇ ಎತ್ತಿಕೊಟ್ಟ.

ಬುಧವಾರ ಬೆಳಿಗ್ಗೆ ನೋಡಿದರೆ ಚಾರ್ಜಿಂಗ್ ಅಂಗಡಿಗೆ ಬೀಗ. ಒತುಲಾ ರಾತ್ರೋರಾತ್ರಿ ಗಡಿಯಾಚೆ ಟಾಂಜಾನಿಯಾಕ್ಕೆ ಹೋದನಂತೆ. ಆಗ ಒಬ್ಬ ಮುದುಕನಿಗೆ ನೆನಪಾಯಿತು. ಹಿಂದಿನ ತಿಂಗಳು ಪೆನಿನಾ ಮಲೇರಿಯಾ ಬಂದು ಐದು ದಿನ ಮಲಗಿದ್ದಾಗ, ತುರ್ತಾಗಿ ದುಡ್ಡು ಕಳಿಸಬೇಕಾಗಿ ಒತುಲಾನ ಕೈಲೇ ಒತ್ತಿಸಿದ್ದ. ನಾನೂ ಒತ್ತಿಸಿದ್ದೆ ಎಂದಳು ಅದೋಯೊ. ಇಬ್ಬರ ಬಾಯಲ್ಲೂ ಒಂದೇ ನಂಬರು ಕೇಳಿದವನಿಗೆ ಮಿಕ್ಕದ್ದು ಹೊಳೆಯುವುದು ಎಷ್ಟು ಹೊತ್ತು? ಪೊಲೀಸರು ಬರೆದುಕೊಂಡು ಹೋದರು. ದುಡ್ಡು ಮಾತ್ರ ಬರಲಿಲ್ಲ. ಪೆನಿನಾಳಲ್ಲಿ ಯಾರೂ ಕ್ಷಮೆ ಕೇಳಲಿಲ್ಲ, ಅವಳೂ ಅದನ್ನು ನಿರೀಕ್ಷಿಸಲಿಲ್ಲ.

ಅವತ್ತು ಇಡೀ ದಿನ ಕಿಟಕಿಯ ಮುಂದೆ ಸಾಲು. ಮರುದಿನ ಸರ್ಕಾರದ ದುಡ್ಡು ಬೀಳುವ ಮೊದಲು ಎಲ್ಲರ ನಂಬರೂ ಬದಲಾಗಬೇಕಿತ್ತು. ಪೆನಿನಾ ಹೊರಗೆ ಬಂದು ಸ್ಟೂಲು ಹಾಕಿ ಒಬ್ಬೊಬ್ಬರನ್ನೇ ಕೂರಿಸಿದಳು. ಫೋನಿನ ಐದರ ಗುಂಡಿಯ ಮೇಲೆ ಒಂದು ಚುಕ್ಕೆ ಉಬ್ಬಿಕೊಂಡಿರುತ್ತದೆ. ಅದರ ಮೇಲೆ ಬೆರಳಿಡಿಸಿ, ಇದರ ಮೇಲಿನದು ಎರಡು, ಕೆಳಗಿನದು ಎಂಟು ಎಂದು ಕಲಿಸಿದಳು. ನಿಮಗೆ ಬೇಕಾದ ನಾಲ್ಕು ಅಂಕಿ ನೀವೇ ಒತ್ತಿ, ನನಗೆ ಹೇಳಬೇಡಿ ಎಂದು ಗೋಡೆಯ ಕಡೆ ತಿರುಗಿ ನಿಂತಳು. ಒಬ್ಬೊಬ್ಬರಿಗೂ ಕಾಲು ಗಂಟೆ ಹಿಡಿಯುತ್ತಿತ್ತು. ನಡುವೆ ಜಗಳ, ಮರೆವು, ಚಹಾ, ಮತ್ತೆ ಮೊದಲಿನಿಂದ. ಅವಳ ಕಾಲು ಊದಿಕೊಂಡವು. ಆದರೂ ಕತ್ತಲು ಕವಿಯುವ ಹೊತ್ತಿಗೆ ಮೂವತ್ತು ಮಂದಿ ಮುಗಿದಿದ್ದರು, ಮೂವತ್ತು ಮಂದಿಯ ನಂಬರೂ ಅವಳಿಗೆ ಗೊತ್ತಿರಲಿಲ್ಲ. ಅಷ್ಟು ಹಗುರವಾಗಿ ಅವಳು ಉಸಿರಾಡಿ ಎಷ್ಟೋ ವರ್ಷಗಳಾಗಿದ್ದವು.

ಕೊನೆಗೆ ಉಳಿದವಳು ಅದೋಯೊ. ಹೊಸದನ್ನಿಡಲು ಮೊದಲು ಹಳೆಯ ನಂಬರು ಒತ್ತಬೇಕಿತ್ತು, ಎರಡು ಸಲ ಒತ್ತಿದಳು, ಎರಡು ಸಲವೂ ತಪ್ಪಾಯಿತು. ಬೆರಳು ಪಕ್ಕದ ಗುಂಡಿಗೆ ಜಾರುತ್ತಿತ್ತು. ಇನ್ನೊಂದು ಸಲ ತಪ್ಪಿದರೆ ಬೀಗ.

"ಬಾರವ್ವ, ನೀನೇ ಒತ್ತು," ಎಂದಳು ಅಜ್ಜಿ.

"ನಾನು ಒತ್ತಲ್ಲ ಅಜ್ಜಿ. ನನ್ನಿಂದ ಆಗಿದ್ದು ಸಾಲ್ದಾ?"

"ಇನ್ಯಾರ್ ಒತ್ತುತಾರೆ ಹಂಗಾದ್ರೆ?"

ಪೆನಿನಾ ಇನ್ನೂ ಗೋಡೆಯ ಕಡೆಯೇ ಮುಖ ಮಾಡಿ ನಿಂತಿದ್ದಳು. ಮಗಳಿರುವುದು ಮೊಂಬಾಸಾದಲ್ಲಿ. ತಿಂಗಳು ಕಳೆದರೆ ಈ ಕಿಟಕಿಯೂ ಇರುವುದಿಲ್ಲ. ಪಟ್ಟಣದ ಕಿಟಕಿಯಲ್ಲಿ ಕೂತವರಿಗೆ ಈ ಮುದುಕಿ ಯಾರೋ ಏನೋ.

"ಆ ಕಳ್ಳ ದುಡ್ಡಷ್ಟೇ ತಗೊಂಡ್ ಹೋದ," ಎಂದಳು ಅದೋಯೊ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ನಿನ್ನನ್ನೇ ತಗೊಂಡ್ ಹೊರಟಿದೀಯಲ್ಲ. ಮರದ ಕೆಳ್ಗೆ ನಿನ್ನ ಹೆಸ್ರು ಹೇಳಿದ್ದು ನಾನೇ. ಗುಟ್ಟು ಮತ್ತೆ ನಿನ್ ಕೈಗೇ ಕೊಟ್ಟು ತಪ್ಪಾಯ್ತು ಅಂತ ಹೇಳಕ್ಕೂ ಬಿಡಲ್ವ?"

ಪೆನಿನಾಳ ಕಣ್ಣು ತುಂಬಿದವು. ಈ ಹೊರೆ ಇಳಿಸಲಿಕ್ಕೆಂದೇ ಅವಳು ಊರ ಮುಂದೆ ಮಾನ ಕಳೆದುಕೊಂಡಿದ್ದಳು, ಕಿಟಕಿ ಕಳೆದುಕೊಂಡಿದ್ದಳು, ಬೆಳಗಿನಿಂದ ನಿಂತೇ ಇದ್ದಳು. ಬೇಡ ಎನ್ನಲು ಅವಳಿಗೆ ಎಲ್ಲ ಕಾರಣಗಳೂ ಇದ್ದವು. ಆದರೆ ಮುದುಕಿ ಫೋನು ಚಾಚಿದ್ದಳು, ಚಾಚಿದ ಕೈ ಅವಳಿದ್ದ ಕಡೆಗಲ್ಲ, ಬರೀ ಗಾಳಿಯ ಕಡೆಗಿತ್ತು.

ಪೆನಿನಾ ತಿರುಗಿದಳು. ಸ್ಟೂಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಫೋನನ್ನು ಈಸಿಕೊಂಡಳು.

"ಹೊಸ ನಂಬ್ರು ಕಿವೀಲಿ ಹೇಳಜ್ಜಿ," ಎಂದಳು. "ಮೆಲ್ಲಗೆ."