ವಕೀಲರನ್ನು ಕೂರಿಸಿದ್ದು

ಸಿದ್ದಬಸಪ್ಪ ಹೆಣದ ಬಲಗಾಲನ್ನು ಎತ್ತಿ ಮಡಚಲು ನೋಡಿದ. ಕಾಲು ಮಡಚಲಿಲ್ಲ, ಸೊಂಟವೇ ಮೇಲೆದ್ದಿತು.

"ಉಸಿರು ಹೋದ ತಕ್ಷಣ ಗೋಡೆಗೊರಗಿಸಿ ಕೂರಿಸ್ಬೇಕಿತ್ತು ಕಣವ್ವ. ನಮ್ಮೋರಾಗಿ ಅಷ್ಟೂ ಗೊತ್ತಿಲ್ವಾ?" ಎಂದ.

ಸುಲೋಚನಮ್ಮನಿಗೆ ಗೊತ್ತಿತ್ತು. ಲಿಂಗ ಕಟ್ಟಿದವರನ್ನು ಮಲಗಿಸಿ ಹೂಳುವುದಿಲ್ಲ. ನಿನ್ನೆ ಬೆಳಿಗ್ಗೆ ಗಂಡ ಚನ್ನವೀರಪ್ಪ ತೀರಿಕೊಂಡಾಗಲೇ ಮಗನಿಗೆ ಬಡಕೊಂಡಿದ್ದಳು. ಆದರೆ ರಾಜಶೇಖರನಿಗೆ ಅಪ್ಪನ ಪಕ್ಷದ ಅಧ್ಯಕ್ಷರು ಬರಬೇಕಿತ್ತು, ಅಪ್ಪನಿಂದ ತೆರವಾದ ಶಾಸಕ ಸ್ಥಾನದ ಉಪಚುನಾವಣೆಗೆ ತನ್ನ ಟಿಕೆಟ್ಟಿನ ಮಾತು ಹೆಣದ ಮುಂದೆಯೇ ಆಗಬೇಕಿತ್ತು. ಬಾಡಿಗೆಗೆ ಫ್ರೀಜರ್ ಪೆಟ್ಟಿಗೆ ತರಿಸಿ ಅಪ್ಪನನ್ನು ಉದ್ದಕ್ಕೆ ಮಲಗಿಸಿಬಿಟ್ಟ. ಅಧ್ಯಕ್ಷರು ಇವತ್ತು ಮಧ್ಯಾಹ್ನ ಬಂದರು, ಹಾರ ಹಾಕಿದರು, ಟಿಕೆಟ್ಟಿನ ಸುದ್ದಿಯನ್ನೇ ಎತ್ತದೆ ಕಾರು ಹತ್ತಿದರು.

"ಮಲಗ್ಸೇ ಮಣ್ಣು ಮಾಡ್ಬುಡಿ ಅತ್ಲಾಗೆ. ಯಾರ್ ನೋಡ್ತಾರೆ?" ಎಂದ ಹಜಾರದಲ್ಲಿದ್ದ ಪುರಸಭೆ ಸದಸ್ಯನೊಬ್ಬ.

"ಕೂರಿಸ್ದೆ ಕಳಿಸಲ್ಲ," ಎಂದಳು ಸುಲೋಚನಮ್ಮ. ಸಾಯುವ ಮುಂಚೆ ಗಂಡ ಕೇಳಿಕೊಂಡದ್ದು ಅದೊಂದನ್ನೇ. ಹೆಣ ಕೂರಿಸಿ ಕೈ ಪಳಗಿದವನು ಸುತ್ತಮುತ್ತ ಸಿದ್ದಬಸಪ್ಪನೊಬ್ಬನೇ.

*

ಸಕಲೇಶಪುರದ ಕೋರ್ಟಿನೆದುರು ಸಿದ್ದಬಸಪ್ಪನ ಹೋಟೆಲಿತ್ತು. ಆ ಜಾಗದ ಕೇಸನ್ನು ಅವನ ವಕೀಲರಾಗಿದ್ದ ಚನ್ನವೀರಪ್ಪ ಒಂಬತ್ತು ವರ್ಷ ಎಳೆದರು. ಅಲ್ಲೇ ಪುಕ್ಕಟೆ ತಿಂಡಿ ತಿಂದು, ಮುಂದಿನ ವಾಯಿದೆ ಹೇಳಿ ಏಳುತ್ತಿದ್ದರು. ಪುರಸಭೆ ಅಧ್ಯಕ್ಷರಾದ ತಿಂಗಳಿಗೆ ಅದೇ ಹೋಟೆಲನ್ನು ಒತ್ತುವರಿಯೆಂದು ಕೆಡವಿಸಿದರು. ಊರು ಚೊಕ್ಕಟ ಮಾಡಿದವರೆಂಬ ಹೆಸರು ಬಂತು, ಆ ಹೆಸರಿನ ಮೇಲೆ ವಿಧಾನಸಭೆಗೂ ಹೋದರು.

ಕೆಡವುವ ಹಿಂದಿನ ದಿನ ಸಿದ್ದಬಸಪ್ಪ ಮನೆ ಬಾಗಿಲಿಗೆ ಬಂದಿದ್ದ. "ಇಲ್ಲ ಅನ್ನು," ಎಂದರು ಚನ್ನವೀರಪ್ಪ, ಕಡುಬು ತಿನ್ನುತ್ತಾ.

ಸುಲೋಚನಮ್ಮ ಹೊರಬಂದು, "ಬೆಂಗಳೂರಿಗೆ ಹೋಗವ್ರೆ," ಎಂದಳು. ಒಳಗೆ ಅವರು ಕೆಮ್ಮಿದ್ದು ಇಬ್ಬರಿಗೂ ಕೇಳಿಸಿತು. ಆ ನಾಚಿಕೆ ಆಕೆಯನ್ನು ಇವತ್ತಿಗೂ ಬಿಟ್ಟಿಲ್ಲ.

*

"ಮಡಚಕ್ಕಾಗಲ್ಲ. ಮುರೀಬೇಕು," ಎಂದ ಸಿದ್ದಬಸಪ್ಪ.

ರಾಜಶೇಖರ ಮುಖ ತಿರುಗಿಸಿ ಹೊರಗೆ ಹೋಗಿಬಿಟ್ಟ.

"ಹಳೇದೆಲ್ಲ ಮನಸಲ್ಲಿಟ್ಕಬ್ಯಾಡ ಸಿದ್ದಬಸಪ್ಪ," ಎಂದಳು ಸುಲೋಚನಮ್ಮ.

"ಐತೆ ಕಣವ್ವ, ಸುಳ್ಳ್ಯಾಕೆ ಹೇಳ್ಲಿ. ಅದಕ್ಕೇ ಒಬ್ನೇ ಮುರಿಯಲ್ಲ. ಆಮೇಲೆ ಹಗೆ ತೀರಿಸ್ಕೊಂಡ ಅಂತೀರ. ನೀವೇ ಹಿಡೀರಿ."

ಆಕೆ ಸುತ್ತ ನೋಡಿದಳು. ಯಾರೂ ಮುಂದೆ ಬರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಂಡನ ತೊಡೆಯ ಮೇಲೆ ಭಾರ ಬಿಟ್ಟು ಕೂತು, ಮೊಣಕಾಲಿಗೆ ಎರಡೂ ಕೈಯೂರಿದಳು. ಸಿದ್ದಬಸಪ್ಪ ಪಾದ ಹಿಡಿದು ಜಗ್ಗಿದ. ಲಟ್ಟೆಂದ ಸದ್ದು ಹಜಾರದ ತುಂಬ ಕೇಳಿಸಿತು.

ಸುಲೋಚನಮ್ಮ ಎಡಗಾಲಿನ ಕಡೆಗೆ ಸರಿದು ಕೂತಳು.